ಹದಿನೈದು ಪರ್ಸೆಂಟಿನ ಕಾಲು

ಸಿ.ಎಸ್. ಪುರದ ಹವಾಲ್ದಾರ್ ಕರಿಸಿದ್ದಪ್ಪ ಸೇನೆಯಿಂದ ನಿವೃತ್ತನಾಗಿ ಬಂದಾಗ ಪಾದಗಳೇನೋ ಜೊತೆಗೇ ಬಂದವು, ಅವುಗಳ ನರ ಮಾತ್ರ ಹಿಮದ ಗಡಿಯಲ್ಲೇ ಸತ್ತಿತ್ತು. ಚಪ್ಪಲಿ ಕಳಚಿಹೋದರೂ ತಿಳಿಯದೆ ಬರಿಗಾಲಲ್ಲಿ ತೋಟ ಸುತ್ತುತ್ತಿದ್ದ. ದಿನಾ ಸಂಜೆ ಅಂಗಾಲು ನೋಡಿಕೊಳ್ಳಬೇಕು ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ನೋಡುವ ಕೆಲಸ ಹೆಂಡತಿ ಸರ್ವಮಂಗಳಮ್ಮನ ಪಾಲಿಗೆ ಬಂತು. ಮುಳ್ಳು ಕೀಳುವಾಗೆಲ್ಲ ಅವಳೇ ‘ಅಯ್ಯೋ’ ಎನ್ನುತ್ತಿದ್ದಳು.

ಸೇನೆಯ ಮೆಡಿಕಲ್ ಬೋರ್ಡಿನ ಮುಂದೆ ಈ ಮಹಾರಾಯ ಬೂಟಿಗೆ ಪಾಲಿಶ್ ಹೊಡೆದು, ಎದೆ ಸೆಟೆಸಿ ನಿಂತ. ನೋವಿದೆಯಾ ಎಂದರು. “ಇಲ್ಲ ಸಾರ್!” ಎಂದ. ಸುಳ್ಳಲ್ಲ. ನೋವಾಗದಿರುವುದೇ ತನ್ನ ರೋಗ ಎಂದು ಬಾಯಿಬಿಡಲು ಇಪ್ಪತ್ನಾಲ್ಕು ವರ್ಷದ ಶಿಸ್ತು ಬಿಡಲಿಲ್ಲ. ಕಾಗದ ಬಂತು: ಅಂಗವೈಕಲ್ಯ ಶೇಕಡ ಹದಿನೈದು. ಇಪ್ಪತ್ತಾದರೂ ಇಲ್ಲದೆ ಅಂಗವೈಕಲ್ಯದ ಪಿಂಚಣಿ ಸಿಗದು.

ಗುಬ್ಬಿಯ ಮಾಜಿ ಸೈನಿಕರೊಬ್ಬರು ಅಪೀಲು ಬರೆದುಕೊಟ್ಟರು. ಇವನು ಸಹಿ ಹಾಕಲಿಲ್ಲ. “ಕುಂಟ ಅಂತ ಬರ್ಸ್ಕೊಳಕೆ ಮಿಲ್ಟ್ರಿಗೋಗಿದ್ನಾ?” ಹುಂಬತನಕ್ಕೆ ಮದ್ದಿಲ್ಲ. ಬರಬರುತ್ತ ಬೋರ್ಡಿನ ಆ ಕಾಗದವನ್ನೇ ತನ್ನ ಮೈ ಎಂದು ನಂಬಿಬಿಟ್ಟ.

ಮಾಘದಲ್ಲಿ ವೀರಭದ್ರಸ್ವಾಮಿಯ ಕೊಂಡ. ಕೆಂಡದ ಮೇಲೆ ಮೊದಲು ಹಾಯುವ ಹಕ್ಕು ಇವನ ಮನೆತನದ್ದು.

“ಬ್ಯಾಡ ಕಣ್ರೀ, ನಿಮ್ ತಮ್ಮ ಹಾಯ್ಲಿ. ನಿಮ್ ಕಾಲ್ಗೆ ಗ್ಯಾನವೇ ಇಲ್ಲ” ಎಂದಳು ಸರ್ವಮಂಗಳಮ್ಮ.

“ಬೋರ್ಡ್‌ನೋರೇ ಹದಿನೈದು ಅಂತ ಬರ್ದವ್ರೆ. ಮಿಕ್ಕಿದ್ ಎಂಬತ್ತೈದು ಸರಿಯಾಗೈತೆ. ಸುಮ್ನಿರೇ.”



ಕೊಂಡ ಹಾಯುವವನನ್ನು ದೇವರು ಕಾಯುತ್ತಾನಂತೆ. ಕಾಯಲಿ. ಆದರೆ ಓಡು ಓಡು ಎಂದು ತಳ್ಳುವುದು ಅಂಗಾಲಿನ ಉರಿ. ಅದು ಕರಿಸಿದ್ದಪ್ಪನನ್ನು ತಳ್ಳಲಿಲ್ಲ. ಪರೇಡಿನಲ್ಲಿದ್ದಂತೆ ಒಂದೊಂದೇ ಹೆಜ್ಜೆ ಇಟ್ಟ. ನಟ್ಟನಡುವೆ ನಿಂತು ದೇವರಿಗೆ ಕೈ ಬೇರೆ ಮುಗಿದ. ಇಂಥ ಭಕ್ತಿ ಕಂಡಿಲ್ಲವೆಂದು ಜನ ಜಯಕಾರ ಹಾಕಿದರು. “ಓಡ್ರೀ, ಓಡ್ರೀ!” ಎಂದು ಸರ್ವಮಂಗಳಮ್ಮ ಕಿರುಚಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೆಂಡದ ವಾಸನೆಯ ಜೊತೆ ಇನ್ನೊಂದು ವಾಸನೆ ಅವಳ ಮೂಗಿಗೆ ಬಡಿಯಿತು.

“ಬಿಸಿನೇ ಇಲ್ಲ ಕಣೇ, ನೋಡಿದ್ಯಾ!” ಎನ್ನುತ್ತ ಅವನು ನಗುನಗುತ್ತ ಆಚೆ ಬಂದ.

ಅವನ ತಂಗಿಯ ಮಗಳು ಅಕ್ಷತಾ ಓಡಿಬಂದು ಕಾಲಿಗೆ ಬಿದ್ದಳು. ಪಾದ ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಳ್ಳಲು ಎತ್ತಿದವಳು ಅದನ್ನು ನೋಡಿ ಚೀರಿದಳು. ಬೆರಳಿಗೆ ಮಾವನ ಪಾದದ ಚರ್ಮ ಅಂಟಿತ್ತು.

ಕರಿಸಿದ್ದಪ್ಪ ಗಾಬರಿಯಿಂದ ಅವಳತ್ತ ಬಗ್ಗಿದ.

“ಯಾಕವ್ವಾ, ಕೈ ಸುಟ್ಕೊಂಡ್ಯಾ?”