ಒಗ್ಗರಣೆ ಇಲ್ಲದ ಬುತ್ತಿ

ಬಿರುಗಾಳಿಯನ್ನು ನಾವು ನೋಡಿದ್ದು ಟಿವಿಯಲ್ಲಿ. ಸೊಲ್ಲಾಪುರದಲ್ಲಿ ಆ ದಿನ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಮಾಳಿಗೆಯ ಮೇಲೆ ಒಣಹಾಕಿದ್ದ ಸೀರೆಗಳು ಹಾರಿ ಪಕ್ಕದ ಮನೆಯ ನೀರಿನ ಟಾಕಿಗೆ ಸುತ್ತಿಕೊಂಡಿದ್ದವು, ಅಷ್ಟೇ. ಕೊಂಕಣದ ದಂಡೆಯಲ್ಲಿ ತೆಂಗಿನ ಮರಗಳು ಮನೆಗಳ ಮೇಲೆ ಬೀಳುತ್ತಿದ್ದವು. ನಿಜ ಹೇಳಬೇಕೆಂದರೆ ಒಂದೇ ಮರ ಒಂದೇ ಮನೆಯ ಮೇಲೆ ಇಡೀ ದಿನ ಬಿತ್ತು, ಚಾನೆಲ್ಲಿನವರ ಹತ್ತಿರ ಇದ್ದದ್ದು ಅದೊಂದೇ ಚಿತ್ರ. ಅದು ಬಿದ್ದಾಗಲೆಲ್ಲ ಅವ್ವ ಎದ್ದು ಟಿವಿಯ ಹತ್ತಿರ ಹೋಗಿ ಆ ಮನೆಯ ಕಿಟಕಿಯ ಬಣ್ಣ ನೋಡುತ್ತಿದ್ದಳು. ಮರ ಬಿದ್ದದ್ದು ನನ್ನ ಅಕ್ಕನ ಮನೆಯ ಮೇಲೆಯೇ ಎಂದು ಆಮೇಲೆ ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಅದು ಸುಳ್ಳು. ಅಕ್ಕನ ಮನೆ ಯಾವ ಚಾನೆಲ್ಲಿನಲ್ಲೂ ಬರಲಿಲ್ಲ.

ಅಕ್ಕನನ್ನು ಕಡಲ ದಂಡೆಯ ಒಂದು ಸಣ್ಣ ಊರಿಗೆ ಕೊಟ್ಟಿದ್ದೆವು. ದಾಜಿಯ, ಅಂದರೆ ಅವಳ ಗಂಡನ, ಮೂಲ ಇಲ್ಲೇ ಸೊಲ್ಲಾಪುರದ ಹತ್ತಿರದ ಕುಂಭಾರಿಯ ಕಡೆ. ಅವರಪ್ಪನ ಕಾಲದಲ್ಲೇ ಅಲ್ಲಿಗೆ ಹೋಗಿ ಬಟ್ಟೆಯ ಅಂಗಡಿ ಹಾಕಿದವರು. ಮನೆಯಲ್ಲಿ ಇದ್ದದ್ದು ಮೂವರು: ಅಕ್ಕ, ದಾಜಿ, ಅವಳ ಅತ್ತೆ. ಗಾಳಿ ಎದ್ದ ಮಧ್ಯಾಹ್ನದಿಂದ ಮೂವರ ಫೋನೂ ಹತ್ತುತ್ತಿರಲಿಲ್ಲ. ಒಬ್ಬ ಹೆಂಗಸು ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ನೀವು ಕರೆದವರು ಸಿಗುತ್ತಿಲ್ಲ ಎಂದು ಹೇಳುತ್ತಿದ್ದಳು. ಅವ್ವ ಅವಳಿಗೆ ಉತ್ತರ ಕೊಡುತ್ತಿದ್ದಳು: “ಸಿಗಂಗಿಲ್ಲಂತ ನನಗೂ ಗೊತ್ತೈತೆವ್ವಾ. ಎಲ್ಲಿ ಹೋಗ್ಯಾಳ ಅದನ್ನ ಹೇಳ.”

ನಮ್ಮ ಓಣಿಯಲ್ಲಿ ಯಾರೂ ನೇರವಾಗಿ ಕೇಳುವವರಲ್ಲ. ಪಕ್ಕದ ಮನೆಯ ಕಾಕು ಕೊತ್ತಂಬರಿ ಕೇಳಲು ಬಂದಳು, ತನ್ನ ಕೈಯಲ್ಲೇ ಕೊತ್ತಂಬರಿ ಇದ್ದದ್ದು ಅವಳಿಗೆ ಮರೆತುಹೋಗಿತ್ತು. ಎದುರು ಮನೆಯ ಕಾಕಾ, ಮಿಲ್ಲು ಮುಚ್ಚಿದಾಗಿನಿಂದ ಕಟ್ಟೆಯ ಮೇಲೆಯೇ ಕೂತವನು, ಹಳೆಯ ಪೇಪರು ಓದುವ ನೆಪದಲ್ಲಿ ನಮ್ಮ ಪಡಸಾಲೆಗೆ ಬಂದು ಕೂತ.

“ಲಾಗ್ಲಾ ಕಾ ಫೋನ್?” ಫೋನು ಹತ್ತಿತೇ ಎಂದು ಕಾಕು ಕೊನೆಗೂ ಮರಾಠಿಯಲ್ಲಿ ಕೇಳಿದಳು.

ಅವ್ವ ಇಲ್ಲವೆಂದು ತಲೆಯಲ್ಲಾಡಿಸಿದಳು.

“ಏನ್ ಆಗಂಗಿಲ್ಲ ತಗೀರಿ ವೈನಿ,” ಎಂದ ಕಾಕಾ. “ಕೊಂಕಣದ ಮಂದಿ ಅಂದ್ರ ಮೀನ ಇದ್ದಂಗ. ನೀರಾಗ ಸಾಯ್ತಾರೇನ?”

“ನನ್ನ ಮಗಳು ಮೀನ ಮುಟ್ಟಾಕಿ ಅಲ್ಲರಿ,” ಎಂದಳು ಅವ್ವ. ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು, ಅವ್ವನೂ. ಅಂಥ ನಗು.

ಮಾರನೆಯ ದಿನವೂ ಫೋನಿಲ್ಲ. ಅದರ ಮಾರನೆಯ ದಿನ ಅವ್ವನ ತವರೂರು ಹನ್ನೂರದಿಂದ ಮಾಮಿ ಬಂದಳು.

ಮಾಮಿ ಎಂದರೆ ಅವ್ವನ ತಮ್ಮನ ಹೆಂಡತಿ. ಹೊಲದಲ್ಲಿ ದುಡಿದ ಗಟ್ಟಿ ಹೆಂಗಸು. ನಮ್ಮ ಮನೆಗೆ ಯಾವತ್ತೂ ಬದನೆಕಾಯಿ, ಹಸಿ ಕಡಲೆ ತರುವವಳು. ಅವತ್ತು ಸೊಂಟದ ಮೇಲೆ ಒಂದು ಗಂಟು ಇತ್ತು. ಅದನ್ನು ದೇವರ ಮುಂದೆ ಇಡಲಿಲ್ಲ, ಅಡುಗೆಮನೆಗೂ ಒಯ್ಯಲಿಲ್ಲ. ಹೊಸ್ತಿಲ ಒಳಗೆ, ಗೋಡೆಗೆ ಹತ್ತಿಸಿ ಇಟ್ಟಳು. ಅವಳು ಅದನ್ನು ಇಟ್ಟ ಜಾಗದಿಂದಲೇ ನನಗೆ ಅರ್ಥವಾಯಿತು ಎಂದು ಬರೆಯಲು ಹೊರಟಿದ್ದೆ. ಅರ್ಥವಾದದ್ದು ಅವ್ವ ಅದನ್ನು ಬಿಚ್ಚಿದ ಮೇಲೆ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು, ನೆಂಟರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಆ ಬುತ್ತಿಯಲ್ಲಿ ಜೋಳದ ರೊಟ್ಟಿ ಇರುತ್ತದೆ, ಬೇಳೆ ಇರುತ್ತದೆ, ಆದರೆ ಬೇಳೆಗೆ ಒಗ್ಗರಣೆ ಇರುವುದಿಲ್ಲ. ಎಣ್ಣೆಯಲ್ಲಿ ಸಾಸಿವೆ ಸಿಡಿಸುವುದು ಬದುಕಿದ್ದವರ ಮನೆಯ ಸದ್ದು.

ಅವ್ವ ಡಬ್ಬಿಯ ಮುಚ್ಚಳ ತೆಗೆದಳು. ಬೇಳೆ ಬಿಳಿಚಿಕೊಂಡಿತ್ತು. ಮೂಸಿ ನೋಡಿ ಮುಚ್ಚಳ ಹಾಕಿದಳು.

“ಒಗ್ಗರಣಿ ಹಾಕಿಲ್ಲ.”

“ಗಡಬಡಿ ಆತರಿ ಅಕ್ಕಾ,” ಎಂದಳು ಮಾಮಿ. “ಬಸ್ಸಿನ ಯಾಳೆ ಆಗಿತ್ತು.”

“ಸಾಸಿವಿ ಸಿಡಿಯಾಕ ಎಷ್ಟೊತ್ತ ಬೇಕ? ನಿಮ್ಮೂರಾಗ ಸಾಸಿವಿ ಸಿಡದ್ರ ಬಸ್ ತಪ್ಪತೈತೇನ?”

ಮಾಮಿ ಸುಳ್ಳು ಹೇಳಲು ಬಾರದವಳು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ಊರಾಗ ಎಲ್ಲಾರೂ ಒಂದ ಮಾತ ಅನ್ನಾಕತ್ತಾರ. ಇಷ್ಟ ದಿನ ಆತು, ಫೋನಿಲ್ಲ, ಸುದ್ದಿ ಇಲ್ಲ. ನಾ ಬರಿಗೈಲೆ ಹ್ಯಾಂಗ ಬರ್ಲಿ? ಹಂಗೇನರ ಆಗಿದ್ರ, ತವರಮನಿಯಿಂದ ಬುತ್ತಿ ಬರಲಿಲ್ಲಂತ ನಿಮಗ ಯಾರರ ಅಂದಾರು.”

“ಮಂದಿ ಅಂತಾರಂತ ನನ್ನ ಮಗಳನ್ನ ಹುಗದ ಬಂದೇನ ನೀ?”

ಮಾಮಿ ಅಳಲಿಲ್ಲ. ಅವ್ವನೂ ಅಳಲಿಲ್ಲ. ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಓಣಿಯ ಕಡೆಗಿನ ಕಿಟಕಿಯ ಎರಡೂ ಬಾಗಿಲು ತೆಗೆದಳು. ಬಾಣಲೆಯಲ್ಲಿ ಎಣ್ಣೆ ಸುರಿದು ಬೇಕಾದದ್ದಕ್ಕಿಂತ ಹೆಚ್ಚು ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದಳು. ಅದು ಸಿಡಿದ ಸದ್ದಿಗೆ ಎದುರು ಕಟ್ಟೆಯ ಕಾಕಾ ತಲೆ ಎತ್ತಿದ. ಮೆಣಸಿನ ಘಾಟಿಗೆ ನಾವು ಮೂವರೂ ಕೆಮ್ಮಿದೆವು, ಮೂವರ ಕಣ್ಣಲ್ಲೂ ನೀರು ಬಂತು. ಅದು ಮೆಣಸಿನ ನೀರೆಂದೇ ಲೆಕ್ಕ.

“ಮದಲ ನೀ ಉಣ್ಣು,” ಎಂದು ಅವ್ವ ಮಾಮಿಯ ಮುಂದೆ ತಾಟು ಇಟ್ಟಳು. ಮಾಮಿ ಉಂಡಳು. ಶಿಕ್ಷೆ ಅನುಭವಿಸುವವಳ ಹಾಗೆ, ತಲೆ ಎತ್ತದೆ.

ಆದರೆ ಓಣಿಗೆ ಬೇರೆ ಲೆಕ್ಕ ಹತ್ತಿತು. ಹನ್ನೂರದಿಂದ ಗಂಟು ಬಂದದ್ದನ್ನು ಎಲ್ಲರೂ ನೋಡಿದ್ದರು, ಅದರಲ್ಲಿ ಏನಿರಬಹುದೆಂದು ಊಹಿಸಿದ್ದರು, ಹೇಗೆ ಒಳಗೆ ಬರುವುದೆಂದು ತಿಳಿಯದೆ ಬಾಗಿಲ ಬಾಗಿಲಲ್ಲಿ ನಿಂತಿದ್ದರು. ಈಗ ಒಗ್ಗರಣೆಯ ವಾಸನೆ ಬಂತು. ಸುದ್ದಿ ಬಂದಿದೆ, ಒಳ್ಳೆಯ ಸುದ್ದಿ ಎಂದುಕೊಂಡರು. ಕಾಕು ಚಪ್ಪಲಿ ಹಾಕಿಕೊಳ್ಳದೆ ಓಡಿಬಂದಳು. ಹಿಂದೆ ಕಾಕಾ, ಅವನ ಹಿಂದೆ ಇನ್ನಷ್ಟು ಮಂದಿ. “ಫೋನ್ ಬಂತಂತ? ಏನಂದ್ಲು? ಆರಾಮ ಅದಾಳಂತೇನ?”

ಅವ್ವ ಇಲ್ಲ ಎನ್ನಲಿಲ್ಲ. ಹೌದು ಎನ್ನಲೂ ಇಲ್ಲ. “ಕುಂದರ್ರಿ, ಚಾ ಮಾಡ್ತೀನಿ,” ಎಂದಳು.

ಆ ಮಂದಿ ಕೂತಿರುವಾಗಲೇ ಫೋನ್ ಬಂತು. ಘಟನೆಗಳು ಹೀಗೆ ಒಂದರ ಬೆನ್ನಿಗೊಂದು ಬರುವುದಿಲ್ಲ, ನನಗೆ ಗೊತ್ತು. ನಡುವೆ ಚಹಾ ಕುದಿದಿರಬೇಕು, ಯಾರೋ ನಳದ ನೀರು ಹಿಡಿಯಲು ಎದ್ದು ಹೋಗಿ ಮತ್ತೆ ಬಂದಿರಬೇಕು, ಬೇಸರದ ಒಂದು ಗಳಿಗೆ ಇದ್ದಿರಬೇಕು. ಅವೆಲ್ಲ ನನ್ನ ಕೈಯಿಂದ ಜಾರಿಹೋಗಿವೆ. ಗೊತ್ತಿಲ್ಲದ ನಂಬರು, ನಾನು ಒತ್ತಿದ ಸ್ಪೀಕರು, ಇಷ್ಟು ಉಳಿದಿವೆ. ಅಕ್ಕನ ಮಾತಂತೂ ಇನ್ನೂ ಕೇಳುತ್ತದೆ.

“ಅವ್ವಾ, ನಾ.”

“ಎಲ್ಲಿ ಅದೀ? ಅಳಿಯಂದ್ರು?”

“ಸಾಲ್ಯಾಗ ಅದೇವಿ. ಇಬ್ರೂ ಆರಾಮ ಅದೇವಿ. ಅತ್ತಿ ಹ್ವಾದ್ರವ್ವಾ. ಹಿಂದಿನ ಗ್ವಾಡಿ ಬಿತ್ತು. ನನ್ನ ಆಚಿಗೆ ದಬ್ಬಿದ್ರು, ಅವರು ಅಲ್ಲೇ...”

“ದೇವ್ರ ದೊಡ್ಡಾಂವ!” ಎಂದಳು ಅವ್ವ. ಎರಡೂ ಕೈ ಎತ್ತಿ ಮುಗಿದಳು. “ನೀ ಉಳದೆಲ್ಲ, ನನಗಷ್ಟ ಸಾಕ. ಆಕಿಗೇನ, ವಯಸ್ಸಾಗಿತ್ತ ಬಿಡ. ನೀ ಉಳದಿ!”

ಪಡಸಾಲೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡಿದರು. ಯಾರೋ ಚಪ್ಪಾಳೆ ಹೊಡೆದರು. ಕಾಕಾ ಎದ್ದು ನಿಂತು ಕೂಗಿದ: “ಪೇಢೆ ತರ್ರಿ ವೈನಿ, ಪೇಢೆ!” ನಾನೂ ನಕ್ಕೆ. ಇದರಲ್ಲಿ ನನಗೆ ಸಂಶಯವಿಲ್ಲ, ನಕ್ಕಾಗ ದವಡೆ ನೋವಾದದ್ದು ನೆನಪಿದೆ, ಅಷ್ಟು ಹೊತ್ತು ಹಲ್ಲು ಕಚ್ಚಿ ಕೂತಿದ್ದೆ.

ಆಮೇಲೆ ಅಕ್ಕ ಕೇಳಿದಳು, “ಪೇಢೆ ಯಾರಂದ್ರು?”

ಫೋನ್ ಕಟ್ಟಾಯಿತು. ನೆಟ್‌ವರ್ಕ್ ಹೋಯಿತು ಎಂದಳು ಕಾಕು. ಎಲ್ಲರೂ ಅದನ್ನೇ ಒಪ್ಪಿಕೊಂಡೆವು.

ಮಗಳ ಗಂಡನ ಮನೆಯಲ್ಲಿ ಸಾವಾದರೆ ತವರಿನ ಬುತ್ತಿ ಹೋಗಬೇಕು. ಮಗಳಿಗೆ ಮೊದಲ ತುತ್ತು ತಾಯಿ ತಿನಿಸಬೇಕು. ಅವ್ವ ಅವತ್ತೇ ಜೋಳದ ಹಿಟ್ಟು ಸೋಸಲು ಕೂತಳು. ಸಂಜೆ ಅದೇ ನಂಬರಿನಿಂದ ನನ್ನ ಫೋನಿಗೆ ಕರೆ ಬಂತು.

“ಬಾಳಾ, ಅವ್ವ ಬರೂದು ಬ್ಯಾಡ,” ಎಂದಳು ಅಕ್ಕ. “ಮಾಮಿನ್ನ ಕಳಸ.”

“ಅವ್ವ ರೊಟ್ಟಿ ಮಾಡಾಕತ್ತಾಳ.”

“ಮಾಡ್ಲಿ. ಮಾಮಿ ಕೈಲೆ ಕಳಸ.”

ಇದನ್ನು ನಾನು ಅವ್ವನಿಗೆ ಹೇಗೆ ಹೇಳಿದೆ? ರಸ್ತೆ ಕೆಟ್ಟಿದೆ, ನಿನ್ನ ಮೊಣಕಾಲು ತಡೆಯುವುದಿಲ್ಲ ಎಂದೆ, ಹಾಗೆ ನೆನಪು. ಅಕ್ಕ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ಹಾಗೂ ನೆನಪು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಇದು ಎರಡೂ ನೆನಪಿನಲ್ಲಿ ಇದೆ. ರೊಟ್ಟಿಯ ಜೊತೆ ಬೇಳೆಯನ್ನೂ ಬೇಯಿಸಿದಳು. ಒಗ್ಗರಣೆ ಹಾಕಲಿಲ್ಲ. ಘಟ್ಟ ಇಳಿಯುವುದರೊಳಗೆ ಅದು ಹಳಸುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಮಾ ಮಾಮಿ ತಾಡಪತ್ರಿ ಹೇರಿದ ಟೆಂಪೋದಲ್ಲಿ ಮಾರನೆಯ ದಿನ ಹೊರಟರು. ಅವ್ವನ ಜೊತೆಗೆ ನಾನು ಉಳಿದೆ. ಅವಳು ಆ ದಿನವೆಲ್ಲ ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಮಾಮಿ ಮರಳಿ ಬಂದು ಮೊದಲು ಕಾಲು ಚಾಚಿ ಕೂತಳು. ಅವಳ ಸೀರೆಯ ಅಂಚಿನಲ್ಲಿ ಕೆಂಪು ಮಣ್ಣು ಒಣಗಿತ್ತು.

“ಉಂಡ್ಲೇನ?” ಎಂದಳು ಅವ್ವ.

“ಉಂಡ್ಲರಿ. ರೊಟ್ಟಿ ಉಂಡ್ಲು. ಬ್ಯಾಳಿ ಚೆಲ್ಲಿದ್ವಿ.”

“ಏನರ ಅಂದ್ಲೇನ?”

ಮಾಮಿ ನನ್ನನ್ನು ನೋಡಿದಳು. ಆಮೇಲೆ ಅಕ್ಕ ಹೇಳಿದ್ದನ್ನು ಹೇಳಿದಳು. ಅಲ್ಲಿ ನೆಲವೆಲ್ಲ ನೀರು. ನಮ್ಮವರಲ್ಲಿ ಸುಡುವುದಿಲ್ಲ, ಹೆಣವನ್ನು ಕೂರಿಸಿ ಮಣ್ಣು ಕೊಡುವುದು. ಕುಣಿ ತೋಡಿದರೆ ತುಂಬುತ್ತಿತ್ತು. ಬಕೆಟ್ಟಿನಿಂದ ಎತ್ತಿದರೆ ಮತ್ತೆ ತುಂಬುತ್ತಿತ್ತು. ಸಹಾಯಕ್ಕೆ ಬಂದ ಊರವರು ಸುಟ್ಟುಬಿಡಿ ಎಂದರು. ಕಟ್ಟಿಗೆ ಎಲ್ಲಿತ್ತು, ಎಲ್ಲ ಹಸಿ. ಕೊನೆಗೆ ದಾಜಿ ಅಂಗಡಿಯಿಂದ ಟಾವೆಲ್ಲಿನ ಗಂಟುಗಳನ್ನು ಹೊತ್ತು ತಂದರು, ನಮ್ಮ ಸೊಲ್ಲಾಪುರದವೇ ಟಾವೆಲ್ಲು. ಅಕ್ಕ ಕುಣಿಯೊಳಗೆ ಇಳಿದು ನೀರಿಗೆ ಟಾವೆಲ್ಲು ಹಾಸಿ, ಹಿಂಡಿ, ಹಾಸಿ, ಹಿಂಡಿ, ಹೆಣದ ಸುತ್ತ ಇಡುವ ವಿಭೂತಿ ಕರಗದೆ ನಿಲ್ಲುವಷ್ಟು ಜಾಗ ಒಣಗಿಸಿದಳು.

“ನಮ್ಮತ್ತಿ ನೀರಾಗ ಕುಂಡ್ರಬಾರದು ಮಾಮಿ ಅಂದ್ಲು,” ಎಂದಳು ಮಾಮಿ. “ಕೈ ನೋಡ್ಬೇಕ್ರಿ ಅಕ್ಕಾ, ಆಕಿ ಕೈ. ಚರ್ಮ ಎಲ್ಲಾ ಬೆಳ್ಳಗ ಬಿರಕೊಂಡೈತಿ.”

ಅವ್ವ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

“ಬೀಗ್ತಿ ಹೆಸರ ಏನಿತ್ತು?” ಎಂದು ಕೇಳಿದಳು.

ಮಾಮಿಗೆ ಹೆಸರು ಬರಲಿಲ್ಲ. ನನಗೂ ಬರಲಿಲ್ಲ. ಲಗ್ನಪತ್ರಿಕೆಯಲ್ಲಿ ಅಚ್ಚಾಗಿದ್ದಿರಬೇಕು, ನಾವು ಓದಿರಲೂಬೇಕು. ಆದರೆ ನಮ್ಮ ಮನೆಯಲ್ಲಿ ಅವಳು ಮೊದಲಿಂದ ಬೀಗ್ತಿಯೇ, ಅಕ್ಕನ ಬಾಯಲ್ಲಿ ಅತ್ತಿಯೇ. ಯಾವತ್ತೂ ಯಾರೂ ಹೆಸರು ಹಿಡಿದು ಕರೆದಿರಲಿಲ್ಲ, ಅವಳ ಬಗ್ಗೆ ಕೇಳಿರಲೂ ಇಲ್ಲ. ಅದನ್ನು ಹೇಳಬಲ್ಲವಳು ಒಬ್ಬಳೇ ಇದ್ದಳು.

ಅವ್ವ ತನ್ನ ಫೋನನ್ನು ನನ್ನ ಕಡೆಗೆ ಚಾಚಿದಳು.

“ಹಚ್ಚ,” ಎಂದಳು. “ಸ್ಪೀಕರ್ ಬ್ಯಾಡ.”