ಜಯದೇವಿಯ ಗಿರಣಿಯ ಇಂಗ್ಲಿಷು

ಕುರುಬರಹಳ್ಳಿಯ ಜಯದೇವಿಯವರ ಹಿಟ್ಟಿನ ಗಿರಣಿಯಲ್ಲಿ ಎಷ್ಟು ಕೂಗಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಅದಕ್ಕೇ ಅವರು ಬಾಗಿಲಿಗೆ ಕರಿಹಲಗೆ ತೂಗುಹಾಕಿ, ಬೆಳಿಗ್ಗೆ ಗೋಧಿ, ಮಧ್ಯಾಹ್ನ ರಾಗಿ, ಶನಿವಾರ ಕೊನೆಗೆ ಮೆಣಸಿನಕಾಯಿ ಎಂದು ಬರೆದಿರುತ್ತಾರೆ. ಅದರ ಕೆಳಗೆ ದಿನಕ್ಕೊಂದು ಇಂಗ್ಲಿಷ್ ಪದ. ರಾಣೆಬೆನ್ನೂರಿನಲ್ಲಿ ಬಿ.ಎ. ಓದುವಾಗ ಹತ್ತಿದ ಹುಚ್ಚು, ಮದುವೆಯಾಗಿ ಗಿರಣಿ ಸೇರಿದರೂ ಬಿಟ್ಟಿಲ್ಲ. ತಕ್ಕಡಿ ಅಲ್ಲಾಡದಿರಲೆಂದು ಹಳೇ ಪೇಪರಿನವನಿಂದ ತಂದ ದಪ್ಪ ಡಿಕ್ಷನರಿ ಈಗ ತಕ್ಕಡಿಯ ಕೆಳಗಿಲ್ಲ, ಅವರ ತೊಡೆಯ ಮೇಲಿದೆ. ತಕ್ಕಡಿ ಅಲ್ಲಾಡುತ್ತಲೇ ಇದೆ.

ಸರದಿ ಕಾಯುವುದೆಂದರೆ ನನಗೆ ಮೈಯೆಲ್ಲ ಉರಿ. ಇಲ್ಲಿ ಮಾತ್ರ ಬೇಕೆಂದೇ ಹಿಂದೆ ನಿಲ್ಲುತ್ತೇನೆ. ಜಯದೇವಿ ಮೆಷಿನ್ ನಿಲ್ಲಿಸಿ ಪದದ ಅರ್ಥ ಹೇಳುತ್ತಾರೆ, ಅದನ್ನು ನಮ್ಮ ಮಾತಿಗೆ ಇಳಿಸುವುದು ಕಾದು ನಿಂತವರ ಕೆಲಸ. 'ಗೊಂಗೂಜ್ಲರ್' ಎಂದರೆ ಕಾಲುವೆ ದಂಡೆಯಲ್ಲಿ ಸುಮ್ಮನೆ ನಿಂತು ದೋಣಿಗಳನ್ನು ನೋಡುತ್ತಾ ಕಾಲ ಕಳೆಯುವವನಂತೆ. ನಮಗೆ ದೋಣಿ ಎಲ್ಲಿಂದ ಬರಬೇಕು? "ಜೆಸಿಬಿ ನೋಡೋನು" ಎಂದೆ. ನನ್ನ ಅರ್ಥ ಸಂಜೆಯವರೆಗೂ ಹಲಗೆಯ ಮೇಲಿತ್ತು. ಅದನ್ನು ನೋಡಲೆಂದೇ ಆ ದಾರಿಯಲ್ಲಿ ಮತ್ತೆ ಮತ್ತೆ ಓಡಾಡಿದೆ, ನಾಚಿಕೆಯೇನಿಲ್ಲ. 'ಬಾರ್ಬರಿಗ್ಮಸ್' ಎಂದರೆ ಹೊಟ್ಟೆಯೊಳಗಿನ ಗುಡುಗುಡು ಎಂದು ತಿಳಿದ ದಿನವಂತೂ ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಹೊಟ್ಟೆ ಮುಟ್ಟಿಕೊಂಡು ನಕ್ಕರು.

ನಗದೆ ಇದ್ದವರು ವೆಂಕಟಲಕ್ಷ್ಮಮ್ಮ ಒಬ್ಬರೇ. ಗಿರಣಿ ಇರುವ ಕಟ್ಟಡ ಅವರ ಮಗ ಕಾಂತರಾಜುವಿನದು. ಗಂಡ ತೀರಿಕೊಂಡ ಮೇಲೆ ಆಕೆಯ ಬಾಯಿಗೆ ಬೀಗ ಬಿದ್ದಿತ್ತು. ದಿನಾ ಸೆರಗಿನಲ್ಲಿ ಹಿಡಿಯಷ್ಟು ರಾಗಿ ಕಟ್ಟಿಕೊಂಡು ಬಂದು, ಮೂಟೆಯ ಮೇಲೆ ಕೂತು, ಪದ ಕೇಳಿಕೊಂಡು ಎದ್ದು ಹೋಗುತ್ತಿದ್ದರು. ಆ ರಾಗಿಯನ್ನು ಬೀಸಿಸಿದ್ದನ್ನು ಯಾರೂ ನೋಡಿಲ್ಲ.

ಡಿಸೆಂಬರಿನ ಒಂದು ಶನಿವಾರ ಸಂಜೆ, ಕೊನೆಯಲ್ಲಿದ್ದ ನನ್ನ ಮೆಣಸಿನಕಾಯಿಯೂ ಮುಗಿದ ಮೇಲೆ, ಕಾಂತರಾಜು ಗೋಧಿ ಡಬ್ಬ ತಂದಿಟ್ಟ.

"ಇದೊಂದ್ ಬೀಸಿಟ್ಟಿರಿ ಅಕ್ಕ, ಹೆಂಡ್ತಿ ಬಂದು ತಗೊಂಡ್ ಹೋಗ್ತಾಳೆ. ಆಮೇಲೆ, ಮುಂದಿನ ತಿಂಗ್ಳು ಜಾಗ ಖಾಲಿ ಮಾಡ್ಕೊಟ್ಬಿಡಿ. ಮೊಬೈಲ್ ಅಂಗಡಿಯೋರು ಕೇಳ್ತಾವ್ರೆ."

ಜಯದೇವಿ ತಲೆಯಾಡಿಸಿದರು. ಗೋಧಿ ಸುರಿದು ಬೀಸಿದರು. ಕಾಂತರಾಜುವಿನ ಹೆಂಡತಿ ಡಬ್ಬ ಒಯ್ದಾದ ಮೇಲೆ ಜಯದೇವಿ ಹಣೆ ಚಚ್ಚಿಕೊಂಡರು. ಮೆಣಸಿನಕಾಯಿ ಬೀಸಿದ ಮೇಲೆ ಒಂದಿಷ್ಟು ತೌಡು ಬಿಟ್ಟು ಕಲ್ಲಿಗಂಟಿದ ಖಾರ ತೆಗೆಯದೆ ಬೇರೆ ಕಾಳು ಹಾಕುವಂತಿಲ್ಲ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪದ ಕೆಲಸ ಅಂದು ತಪ್ಪಿತ್ತು. ಫೋನ್ ಮಾಡಿದರೆ ಕಾಂತರಾಜು ಎತ್ತಲಿಲ್ಲ.

"ಖಾಲಿ ಮಾಡ್ರಿ ಅಂದಿದ್ದಕ್ಕ ಬೇಕಂತನ ಖಾರ ತಿನ್ಸಿದ್ಲು ಅಂತಾರ ನೋಡ್ರಿ ಸಾರ್. ಇನ್ನ ತಿಂಗಳೊಪ್ಪತ್ತೂ ಇರಾಕ ಬಿಡಂಗಿಲ್ಲ," ಎಂದರು. ಕಣ್ಣು ತುಂಬಿತ್ತು. ನನಗೆ ಕಾಂತರಾಜುವಿನ ಮೇಲೆ ಕೆಂಡದಂಥ ಸಿಟ್ಟು ಬಂತು. ಗಿರಣಿ ಹೋದರೆ ಹಿಟ್ಟು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ನಮ್ಮ ಬೆಳಗು ಯಾವ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ?

ಸೋಮವಾರ ಬೆಳಿಗ್ಗೆ ಕಾಂತರಾಜು ಬಂದ. ಕಣ್ಣು ಕೆಂಪಗಿತ್ತು. ಮೆಷಿನ್ ನಿಂತಿತು. ಜಯದೇವಿ ಎದ್ದು ನಿಂತರು.

"ತಪ್ಪಾತು ಕಾಂತರಾಜಣ್ಣ, ತೌಡು ಬಿಡೋದು ಮರೆತೆ."

"ಅದಿರ್ಲಿ ಅಕ್ಕ. ಮೊನ್ನೆ ರಾತ್ರಿ ಚಪಾತಿ ತಿಂದು ನೆತ್ತಿಗೇರಿ, ಕೊಡ ನೀರು ಕುಡ್ದೆ. ಹೊಟ್ಟೇಲಿ ಏನೇನೋ ಸದ್ದು. ಹೆಂಡ್ತಿ ಆಸ್ಪತ್ರೆಗೆ ಹೋಗೋಣ ಅಂತ ಗಾಬ್ರಿ ಬಿದ್ಲು. ಆಗ ನಮ್ಮಮ್ಮ ಮೂಲೇಲಿ ಕೂತೋಳು, 'ಬಾರ್ಬರಿಗ್ಮಸ್ ಕಣೋ, ಏನೂ ಆಗಲ್ಲ ಮಲಕ್ಕೋ' ಅಂದ್ಬಿಟ್ಲು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಅಂದು ನಕ್ಕಳು ಅಕ್ಕ. ಕಣ್ಣಲ್ಲಿ ನೀರು ಬರೋವರ್ಗೂ ನಕ್ಕಳು. ಅಪ್ಪ ಹೋದ್ಮೇಲೆ ನಮ್ಮಮ್ಮನ್ ನಗು ಕೇಳೇ ಇರ್ಲಿಲ್ಲ ನಾನು. ಎಲ್ಲಮ್ಮ ಕಲ್ತೆ ಅಂದ್ರೆ, ಜಯದೇವಮ್ಮನ್ ಗಿರಣೀಲಿ ಅಂದ್ಲು. ಮೊಬೈಲ್ ಅಂಗಡಿಯೋರ್ಗೆ ಬೇರೆ ಜಾಗ ನೋಡ್ಕೊಳ್ಳಿ ಅಂದಿದೀನಿ."

ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ಮೇಲಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ವೆಂಕಟಲಕ್ಷ್ಮಮ್ಮ ಬಂದು ತಮ್ಮ ಮೂಟೆಯ ಮೇಲೆ ಕೂತರು. ಅಂದಿನ ಪದ 'ಅಪ್ರಿಸಿಟಿ'. ಚಳಿಗಾಲದ ಬಿಸಿಲಿನ ಬಿಸುಪು ಎಂದು ಜಯದೇವಿ ಅರ್ಥ ಹೇಳಿ, ಚಾಕ್‌ಪೀಸ್ ಹಿಡಿದು ನಮ್ಮತ್ತ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಮೂಟೆಯ ಮೇಲಿನಿಂದ ದನಿ ಬಂತು.

"ಬರ್ಕೊಳವ್ವ. ಹೋದೋರು ಪಕ್ಕದಲ್ ಬಂದು ಕೂತಂಗಿರೋ ಬಿಸ್ಲು."

ಜಯದೇವಿ ಹಾಗೆಯೇ ಬರೆದರು. ಕಾಂತರಾಜು ಅಮ್ಮನ ಸೆರಗಿನ ಗಂಟು ಬಿಚ್ಚಿ, ಆ ಹಿಡಿ ರಾಗಿಯನ್ನು ತೆಗೆದುಕೊಂಡು, ಸಾಲಿನ ಕೊನೆಯಲ್ಲಿ ಹೋಗಿ ನಿಂತ.