ಬೀಗದೊಳಗಿನ ಸಸಿಗಳು

ಭೂಮಿ ಬಿಸಿಯಾಗುತ್ತಿದೆಯೆಂದು ಭಾಷಣ ಮಾಡಿಸಿ ಸಸಿ ನೆಡಿಸಿದ ಚಾಮರಾಜನಗರದ ಕಾಲೇಜೊಂದು, ಬೇಸಿಗೆ ರಜೆಗೆ ಗೇಟಿಗೆ ಬೀಗ ಜಡಿದು ಅವನ್ನು ಒಣಗಲು ಬಿಟ್ಟಿತು. ಸುದ್ದಿ ಕೇಳಿ ಸಿಟ್ಟಿಗೆದ್ದು ನಾನು ಗುಂಡ್ಲುಪೇಟೆಯಿಂದ ಬಸ್ಸು ಹತ್ತಿ ಹೋಗಿ, ಗೇಟಿನ ಮುಂದೆ ಒಬ್ಬನೇ ನಿಂತು ಕೂಗಿದೆ: “ಪ್ರಿನ್ಸಿಪಾಲರು ಹೊರಗೆ ಬರಲಿ!”

“ಇರಪ್ಪ, ಈ ಹೊಂಗೆ ಸಸಿಗೆ ನೀರು ಹುಯ್ದು ಬತ್ತೀನಿ,” ಎಂದರು ಒಳಗಿದ್ದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿಂದಿಗೆ ಹಿಡಿದಿದ್ದ ಅವರೇ ಪ್ರಿನ್ಸಿಪಾಲರು!

“ಬೀಗದ ಕೈ ಎಲ್ಲಿ ಮೇಡಂ?”

“ವಾಚ್‌ಮನ್ ಊರಿಗೆ ತಗೊಂಡೋಗವ್ನೆ. ನಾನು ಗೋಡೆ ಹತ್ತಿ ಬಂದೆ ಕಣಪ್ಪ, ನೀನೂ ಹತ್ತಿ ಬಾ. ಗಂಟ್ಲೇನೋ ಗಟ್ಟಿಯಾಗದೆ, ರಟ್ಟೆ ಹೆಂಗದೆ ನೋಡನ.”

ಉಳಿದ ಸಸಿಗಳಿಗೆ ಸಂಜೆಯವರೆಗೆ ಇಬ್ಬರೂ ನೀರು ಹೊತ್ತೆವು. ಆ ಮೇಡಂ ಮೇಲಿನ ಸಿಟ್ಟು ಅಲ್ಲೇ ಇಳಿಯಿತು. ಬೀಗದ ಮೇಲಿನದು ಇನ್ನೂ ಇಳಿದಿಲ್ಲ.

ನಿಮ್ಮೂರ ಕಾಲೇಜಿಗೂ ರಜೆ ಬರುತ್ತದೆ. ಬಿಂದಿಗೆ ತೆಗೆದುಕೊಂಡು ಹೋಗಿ. ಗೇಟು ತೆಗೆಯದಿದ್ದರೆ ಗೋಡೆ ಹತ್ತಿ.